ಹೊರಗೆ ಉಳಿದ ಹುಕುಂ

ಬ್ರಿಜ್ ಟೂರ್ನಮೆಂಟಿನ ಕೊನೆಯ ಸುತ್ತಿನ ಮೂರು ಆಟ ಬಾಕಿ ಇದ್ದವು. ನಾನು ಮತ್ತು ನಮ್ಮ ಅತ್ತೆ ಜೋಡಿಯಾಗಿ ಎರಡನೆಯ ಸ್ಥಾನದಲ್ಲಿದ್ದೆವು. ಆದರೂ ರಾಮದುರ್ಗದ ಆ ಕಲ್ಯಾಣ ಮಂಟಪದ ಕೈತೊಳೆಯುವ ನಲ್ಲಿಯ ಮುಂದೆ ನಿಂತು ನಾನು ದೇವರಲ್ಲಿ ಗೆಲುವು ಬೇಡಲಿಲ್ಲ. ಈ ಮೂರರಲ್ಲಿ ಒಂದು ಆಟವೂ ನಮ್ಮ ಅತ್ತೆಯ ಕೈಗೆ ಹೋಗದಿರಲಿ ಎಂದಷ್ಟೇ ಬೇಡಿಕೊಂಡೆ.

ಬ್ರಿಜ್ ಆಡದವರಿಗೆ ಇಷ್ಟು ಹೇಳಬೇಕು. ನಾಲ್ಕು ಜನ ಆಡುತ್ತಾರೆ, ಎದುರುಬದುರು ಕೂತವರು ಜೋಡಿ. ಮೊದಲು ಕಾಲ್ ನಡೆಯುತ್ತದೆ: ಇಸ್ಪೀಟ್, ಬದಾಮ್, ಚೌಕಟ್, ಕಿಲಾವರ್ ಈ ನಾಲ್ಕರಲ್ಲಿ ಯಾವ ಬಣ್ಣ ಹುಕುಂ, ಅಂದರೆ ಉಳಿದವನ್ನು ಹೊಡೆಯುವ ಬಣ್ಣ, ಆಗಬೇಕು, ಎಷ್ಟು ಟ್ರಿಕ್ ಗೆಲ್ಲುತ್ತೇವೆ ಅಂತ; ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್. ಹುಕುಮ್ಮೇ ಬೇಡವೆಂದರೆ ಅದು ನೋ ಟ್ರಂಪ್. ಕಾಲ್ ಗೆದ್ದ ಜೋಡಿಯಲ್ಲಿ ಯಾರು ಆ ಬಣ್ಣವನ್ನು ಮೊದಲು ಹೇಳಿದರೋ ಅವರೇ ಆಡುತ್ತಾರೆ. ಅವರ ಜೊತೆಗಾರರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರವಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವರಿಗೆ ಡಮ್ಮಿ ಎನ್ನುತ್ತಾರೆ. ಆಡುವವರು ಎರಡೂ ಕಡೆಯ ಎಲೆ ನೋಡಿಕೊಂಡು, ಕಾಣದ ಎಲೆಗಳನ್ನು ತಲೆಯಲ್ಲೇ ಎಣಿಸುತ್ತ ಹೋಗಬೇಕು. ಒಂದು ವರ್ಷದಿಂದ ನಮ್ಮ ಅತ್ತೆಗೆ ತಪ್ಪುತ್ತಿದ್ದದ್ದು ಆ ಎಣಿಕೆಯೇ.

ನನಗೆ ಬ್ರಿಜ್ ಕಲಿಸಿದವರು ಅವರು. ನಮ್ಮ ಮಾವ ನವಿಲುತೀರ್ಥದ ಅಣೆಕಟ್ಟಿನಲ್ಲಿ ಇಂಜಿನಿಯರ್ ಆಗಿದ್ದರು. ಅಲ್ಲಿಯ ಕಾಲನಿಯ ಕ್ಲಬ್ಬಿನಲ್ಲಿ ಗಂಡಸರು ಬ್ರಿಜ್ ಆಡುವಾಗ ಅತ್ತೆ ಮಾವನ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು. ಒಂದು ದಿನ ನಾಲ್ಕನೆಯವರು ಬರಲಿಲ್ಲ, ಇವರನ್ನು ಕೂರಿಸಿದರು. ಆಮೇಲೆ ಆ ಕುರ್ಚಿಯಿಂದ ಅವರನ್ನು ಎಬ್ಬಿಸುವುದು ಯಾರಿಗೂ ಆಗಲಿಲ್ಲ. ನಾನು ಸೊಸೆಯಾಗಿ ಬೈಲಹೊಂಗಲಕ್ಕೆ ಬಂದಾಗ ಬೇರೆ ಅತ್ತೆಯರು ಅಡುಗೆಯಲ್ಲಿ ಕೊಂಕು ತೆಗೆದರೆ ನಮ್ಮ ಅತ್ತೆ ಎಲೆ ಹಂಚಿ ಎದುರಿಗೆ ಕೂರಿಸಿ ಗದರುತ್ತಿದ್ದರು. ಪ್ರತಿ ಎರಡು ಟ್ರಿಕ್ಕಿಗೆ ಒಮ್ಮೆ ಅದೇ ಪ್ರಶ್ನೆ.

"ಹುಕುಂ ಎಷ್ಟ ಹೊರಗ ಅದಾವು, ಹೇಳು."

ಹೇಳಲು ಬಾರದಿದ್ದರೆ ಎಲೆ ಕಸಿದುಕೊಂಡು ಮತ್ತೆ ಮೊದಲಿಂದ. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆದರೆ ಕಲಿತೆ. ಊರಿನ ಕ್ಲಬ್ಬಿನಲ್ಲಿ ಅತ್ತೆ-ಸೊಸೆ ಜೋಡಿ ಎಂದರೆ ಮೊದಮೊದಲು ನಕ್ಕವರು ಆಮೇಲೆ ನಮ್ಮ ಮೇಜಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದರು.

ಹೋದ ವರ್ಷ ಹಾಲು ಉಕ್ಕಿ ಗ್ಯಾಸ್ ಆರಿಹೋಗಿದ್ದು ಗೊತ್ತಾಗದೆ ಅತ್ತೆ ಒಲೆಯ ಮುಂದೆಯೇ ನಿಂತಿದ್ದರು. ಆಮೇಲೆ ಒಂದೊಂದೇ ಮರೆವು ಶುರುವಾಯಿತು. ನನ್ನದು ಮೆಡಿಕಲ್ ಅಂಗಡಿ. ಅಂಥದಕ್ಕೆ ಡಾಕ್ಟರು ಯಾವ ಗುಳಿಗೆ ಬರೆಯುತ್ತಾರೆ ಎಂದು ಅವರು ಬರೆಯುವ ಮೊದಲೇ ನನಗೆ ಗೊತ್ತಿತ್ತು. ಹೆಸರು ಕಾಣದ ಹಾಗೆ ಬಿಡಿಸಿ ಡಬ್ಬಿಗೆ ಹಾಕಿ, ರಕ್ತದ ಗುಳಿಗೆ ಎಂದು ಹೇಳಿ ಕೊಡುತ್ತಿದ್ದೆ. ನನ್ನ ಗಂಡ ಒಂದೇ ಮಾತು ಹೇಳಿದ್ದರು. "ರಾಮದುರ್ಗದ್ದು ಆಡ್ಲಿ. ಗೆದ್ದು ಧಾರವಾಡಕ್ಕ ಹೋದ್ರಂದ್ರ ಅದನ್ನೂ ಆಡ್ಲಿ. ಇಲ್ಲಂದ್ರ ಇದ ಕಡೀದು. ನಾಕ ಮಂದ್ಯಾಗ ನಮ್ಮವ್ವ ತಪ್ಪಿ ನಗಿಪಾಟಲಾಗೂದು ನನಗ ನೋಡಾಕ ಆಗಂಗಿಲ್ಲ."

ಮೊದಲ ಎರಡು ಜೋಡಿಗೆ ಧಾರವಾಡದ ಟೂರ್ನಮೆಂಟಿನಲ್ಲಿ ಆಡುವ ಅವಕಾಶವಿತ್ತು. ಮಾವ ಅಲ್ಲಿ ಆಡುವಾಗ ಅತ್ತೆಯನ್ನು ಹೆಂಗಸರ ಕಡೆ ಕೂರಿಸಿ ನಂಬರು ಕೂಗುವ ಹೌಸಿ ಆಡಿಸಿದ್ದರಂತೆ. ಆ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ. ಒಂದು ಸಲ ಧಾರವಾಡದಲ್ಲಿ ಮೇಜಿನ ಮುಂದೆ ಕೂರಬೇಕು, ಅವರ ಆಸೆ ಇಷ್ಟೇ.

ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಎರಡು ಕಾಲ್ ಸಾಧ್ಯವಿದ್ದಲ್ಲಿ ಆಟ ನನ್ನ ಕೈಗೆ ಬರುವಂಥ ಕಾಲ್ ಹೇಳುವುದು. ಅತ್ತೆ ಇಸ್ಪೀಟ್ ಅಂದರೆ ನಾನು ನೋ ಟ್ರಂಪ್ ಅನ್ನುವುದು. ಅವರು ಬದಾಮ್ ಅಂದರೂ ನೋ ಟ್ರಂಪ್. ನೋ ಟ್ರಂಪ್ ಮೊದಲು ಹೇಳಿದವಳು ನಾನಾದ್ದರಿಂದ ಆಟ ನನ್ನದು, ಅತ್ತೆ ಡಮ್ಮಿ. ಇದು ಒಳ್ಳೆಯ ಬ್ರಿಜ್ ಅಲ್ಲ, ಗೊತ್ತಿತ್ತು. ಆದರೆ ಬೆಳಗ್ಗಿನಿಂದ ಎಲೆಯೂ ಚೆನ್ನಾಗಿ ಬಂದು ಹೇಗೋ ಸಾಗಿತ್ತು. ಎಲ್ಲ ಆಟ ಒಬ್ಬಳೇ ಆಡಿ ಆಡಿ ನನ್ನ ತಲೆ ಕಾದ ಕಾವಲಿಯಾಗಿತ್ತು.

ಕೊನೆಯ ಸುತ್ತಿನಲ್ಲಿ ನಮ್ಮ ಎದುರಾಳಿಗಳು ಆ ಊರಿನವರೇ. ಅತ್ತೆಯ ಎಡಕ್ಕೆ ಒಬ್ಬ ಸೀರೆ ವ್ಯಾಪಾರಿ, ಬಲಕ್ಕೆ ಅವರ ಜೊತೆಗಾರ, ಕಾಲೇಜಿನ ಮೇಷ್ಟ್ರು. ವ್ಯಾಪಾರಿ ಮಾತುಗಾರ, ಮೇಷ್ಟ್ರು ಮೌನಿ.

ಮೊದಲ ಆಟದಲ್ಲಿ ಅತ್ತೆ ಬದಾಮ್ ಅಂದರು. ನಾನು ಎಂದಿನಂತೆ ಮೂರು ನೋ ಟ್ರಂಪಿಗೆ ಹಾರಿದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ ಪಾಸ್ ಅಂದರು. ಎಲೆ ಹರವಿದಾಗ ಅವರ ಕೈಯಲ್ಲಿ ಬದಾಮ್ ಆರು ಇದ್ದವು. ಎದುರಾಳಿಗಳು ಕಿಲಾವರ್ ಹಿಡಿದು ಒಂದರ ಹಿಂದೆ ಒಂದು ಎಳೆದರು. ನನ್ನ ಹತ್ತಿರ ತಡೆಯುವ ಎಲೆ ಒಂದೇ ಇತ್ತು, ಅದೂ ಬೇಗ ಹೋಯಿತು. ಎರಡು ಟ್ರಿಕ್ ಕಡಿಮೆ ಬಿತ್ತು. ಬದಾಮ್ ಹುಕುಂ ಆಗಿದ್ದರೆ ಹತ್ತು ಟ್ರಿಕ್ ಆಡಿಕೊಳ್ಳಬಹುದಾಗಿತ್ತು. ಪಕ್ಕದ ಮೇಜುಗಳಲ್ಲಿ ಎಲ್ಲರೂ ಅದನ್ನೇ ಆಡಿದ್ದರೆಂದು ಆಮೇಲೆ ತಿಳಿಯಿತು.

ಆ ಹೊತ್ತಿಗೆ ಚಹಾ ಬಂತು. ವ್ಯಾಪಾರಿ ಮತ್ತು ಮೇಷ್ಟ್ರು ಎದ್ದು ಹೊರಗೆ ಹೋದರು. ಅತ್ತೆ ಬಸಿಯಲ್ಲಿ ಚಹಾ ಸುರಿದುಕೊಂಡು ಆರಿಸುತ್ತ ಕೇಳಿದರು.

"ಮುಂಜಾನಿಂದ ನಾ ಎಷ್ಟ ಆಟ ಆಡೀನಿ?"

"ಎಲಿ ಬಂದಂಗ ಆಗತೈತ್ರಿ ಅತ್ತಿ."

"ಎಲಿ ನನಗೂ ಬಂದಾವು. ಮುಂಜಾನಿಂದ ಬರೇ ಮೇಜಿನ ಮ್ಯಾಲ ಹರವಿ ಕುಂತೇನಿ. ಹಂಗ ಕುಂದ್ರಾಕ ರಾಮದುರ್ಗಕ್ಕ ಯಾಕ ಬರಬೇಕಿತ್ತು? ಮನ್ಯಾಗ ಕುಂದ್ರತಿದ್ನೆಲ್ಲ."

ಅವರು ಬಸಿ ಕೆಳಗಿಟ್ಟರು.

"ನಿನಗ ಅಂಜಿಕಿ ಐತಿ. ನನಗೂ ಐತಿ. ಆದರ ನನ್ನ ಎಲಿ ನನಗ ಆಡಾಕ ಬಿಡು."

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬೆಳಗ್ಗಿನಿಂದ ನಾನು ಬಚ್ಚಿಟ್ಟೆ ಅಂದುಕೊಂಡದ್ದೆಲ್ಲ ಅವರಿಗೆ ಎದುರಿನ ಕುರ್ಚಿಯಿಂದ ಕಾಣುತ್ತಲೇ ಇತ್ತು. ಎಷ್ಟೆಂದರೂ ನಾನು ಹೇಳುವ ಕಾಲ್ ಓದಲು ಅವರಿಗೆ ಬಾರದೇ? ಕಲಿಸಿದವರೇ ಅವರು.

ಎರಡನೆಯ ಆಟ ಎದುರಾಳಿಗಳ ಕೈಗೆ ಹೋಯಿತು. ವ್ಯಾಪಾರಿ ನಾಲ್ಕು ಬದಾಮ್ ಆಡಿದರು. ನಾವು ತಡೆಯಬೇಕು. ನಾನು ನನ್ನ ಕೈಯಲ್ಲಿದ್ದ ಒಂಟಿ ಚೌಕಟ್ ಎಲೆಯನ್ನು ಮೊದಲು ಹಾಕಿದೆ. ಡಮ್ಮಿಯ ಎಕ್ಕಾ ಅದನ್ನು ಗೆದ್ದಿತು. ಎಷ್ಟೋ ಹೊತ್ತಿನ ಮೇಲೆ ಅತ್ತೆಗೆ ಒಂದು ಟ್ರಿಕ್ ಸಿಕ್ಕಿತು. ಅವರು ಸ್ವಲ್ಪವೂ ತಡವರಿಸದೆ ಚೌಕಟ್ ತಿರುಗಿಸಿ ಹಾಕಿದರು. ನಾನು ಉಳಿದಿದ್ದ ಚಿಕ್ಕ ಹುಕುಮ್ಮಿನಿಂದ ಹೊಡೆದೆ. ಆ ಒಂದು ಟ್ರಿಕ್ಕಿನಿಂದ ಅವರ ಆಟ ಬಿತ್ತು.

"ಅಕ್ಕಾರ, ಎಲ್ಲಾ ಲೆಕ್ಕ ಇಟ್ಟೀರಿ ನೋಡ್ರಿ," ಅಂದರು ವ್ಯಾಪಾರಿ, ಹಣೆ ಒರೆಸಿಕೊಳ್ಳುತ್ತ.

ಅತ್ತೆ ನಕ್ಕರು. ಆ ನಗು ನೋಡಿ ನನ್ನಲ್ಲೂ ಹಾಳು ಆಸೆ ಎದ್ದು ಕೂತಿತು. ಇನ್ನೊಂದೇ ಆಟ. ನಮ್ಮ ಪಕ್ಕದ ಮೇಜಿನವರು ಮುಗಿಸಿ ಎದ್ದಿದ್ದರು. ನಾವು ಎರಡನೆಯ ಸ್ಥಾನ ಉಳಿಸಿಕೊಳ್ಳಬೇಕಾದರೆ ಈ ಆಟ ಗೆಲ್ಲಲೇಬೇಕು ಎಂಬುದು ಬೋರ್ಡಿನ ಮೇಲಿನ ಅಂಕ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಮೂರನೆಯ ಆಟ. ಅತ್ತೆ ಒಂದು ಇಸ್ಪೀಟ್ ಅಂದರು. ನಾನು ಎಲೆ ಜೋಡಿಸಿಕೊಂಡೆ: ಇಸ್ಪೀಟ್ ರಾಣಿ ಸೇರಿ ನಾಲ್ಕು, ಬದಾಮ್ ರಾಜಾ ಮತ್ತೊಂದು ಚಿಕ್ಕದು, ಚೌಕಟ್ ಎಕ್ಕಾ-ರಾಜಾ ಸೇರಿ ಆರು, ಕಿಲಾವರ್ ಒಂದೇ, ಅದೂ ಕಸ. ಮೂರು ನೋ ಟ್ರಂಪ್ ಹೇಳಲು ನೆಪ ಇತ್ತು. ನಾನು ಆಡಿದರೆ ಬದಾಮ್ ರಾಜನಿಗೆ ರಕ್ಷಣೆ ಸಿಗುತ್ತದೆ ಎಂದು ಯಾರಿಗಾದರೂ ವಾದಿಸಬಹುದಿತ್ತು. ಪಕ್ಕದ ಡಬ್ಬಿಯಲ್ಲಿ ಆ ಕಾಲ್ ಬರೆದಿದ್ದ ಕಾರ್ಡಿನ ಮೇಲೆಯೇ ನನ್ನ ಬೆರಳಿತ್ತು. ಎದುರಿಗೆ ಅತ್ತೆ ತಲೆ ತಗ್ಗಿಸಿ ತಮ್ಮ ಎಲೆ ನೋಡುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ನಾನು 'ನಾಲ್ಕು ಇಸ್ಪೀಟ್' ಎಂದು ಬರೆದ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಆಟ ಅವರದಾಯಿತು. ಎಲೆ ಹರವಿ ಕೈಕಟ್ಟಿ ಕೂತೆ.

ಇಸ್ಪೀಟೇ ಹುಕುಂ, ಹದಿಮೂರರಲ್ಲಿ ಹತ್ತು ಟ್ರಿಕ್ ಬೇಕು, ಮೂರು ಮಾತ್ರ ಕಳೆದುಕೊಳ್ಳಬಹುದು. ವ್ಯಾಪಾರಿ ಬದಾಮ್ ರಾಣಿ ಹಾಕಿದರು. ಅತ್ತೆ ರಾಜಾ ಹಾಕಿಸಿದರು, ಅದರ ಹಿಂದೆಯೇ ಮೇಷ್ಟ್ರ ಎಕ್ಕಾ ಕೂತಿತ್ತು. ಒಂದು ಹೋಯಿತು. ಮತ್ತೆ ಬದಾಮ್, ಎರಡು ಹೋಯಿತು. ಮೂರನೆಯ ಬದಾಮನ್ನು ಅತ್ತೆ ಡಮ್ಮಿಯ ಚಿಕ್ಕ ಹುಕುಮ್ಮಿನಿಂದ ಹೊಡೆದರು. ನಮ್ಮಿಬ್ಬರಲ್ಲಿ ಸೇರಿ ಹುಕುಂ ಒಂಬತ್ತು ಇದ್ದವು, ಹೊರಗೆ ನಾಲ್ಕು. ಅತ್ತೆ ಎಕ್ಕಾ ಆಡಿದರು, ಎದುರಾಳಿಗಳಿಬ್ಬರದೂ ಒಂದೊಂದು ಬಿತ್ತು. ರಾಜಾ ಆಡಿದರು. ವ್ಯಾಪಾರಿಯದು ಬಿತ್ತು, ಮೇಷ್ಟ್ರು ಬದಾಮ್ ಎಸೆದರು. ಅಂದರೆ ಹೊರಗೆ ಇನ್ನು ಒಂದೇ ಹುಕುಂ ಇದೆ, ಗುಲಾಮ, ಅದು ವ್ಯಾಪಾರಿಯ ಕೈಯಲ್ಲಿ.

ಇಲ್ಲಿ ಅತ್ತೆ ಹುಕುಂ ಎಳೆಯುವುದನ್ನು ನಿಲ್ಲಿಸಿದರು. ಡಮ್ಮಿಯಲ್ಲಿದ್ದ ಹುಕುಂ ರಾಣಿಯನ್ನು ಮುಟ್ಟಲಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಆ ರಾಣಿಯನ್ನು ಈಗಲೇ ಆಡಿದರೆ ಆಮೇಲೆ ಡಮ್ಮಿಗೆ ಬರಲು ದಾರಿಯೇ ಇರುವುದಿಲ್ಲ. ಅವರು ಮೊದಲು ಚೌಕಟ್ ಎಕ್ಕಾ, ರಾಜಾ ಆಡಿ, ಮೂರನೆಯದನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟರು. ಮೂರು ಹೋಯಿತು. ಆದರೆ ಡಮ್ಮಿಯಲ್ಲಿ ಉಳಿದ ಮೂರು ಚಿಕ್ಕ ಚೌಕಟ್ ಈಗ ಗೆಲ್ಲುವ ಎಲೆಗಳಾಗಿದ್ದವು. ಮೇಷ್ಟ್ರು ಕಿಲಾವರ್ ತಿರುಗಿಸಿದರು. ಅತ್ತೆಯ ಬಳಿ ಎಕ್ಕಾ-ರಾಣಿ. ಆಸೆಬುರುಕರಾದರೆ ರಾಣಿ ಹಾಕಿ ನೋಡುತ್ತಾರೆ. ಅತ್ತೆ ಎಕ್ಕಾ ಹಾಕಿದರು. ನನ್ನ ಇಡೀ ಜೀವನದಲ್ಲಿ ನಾನು ಹಾಗೆ ಆಡಿದ್ದಿಲ್ಲ. ಇನ್ನು ನಾಲ್ಕು ಎಲೆ ಉಳಿದಿದ್ದವು. ಹುಕುಂ ರಾಣಿಗೆ ಬಂದು ಆ ಗುಲಾಮನನ್ನು ಎಳೆದು ಚೌಕಟ್ ಆಡಿದರೆ ಎಲ್ಲವೂ ನಮ್ಮದೇ.

ಆಗ ಅತ್ತೆ ಕೈಯಲ್ಲಿದ್ದ ನಾಲ್ಕೂ ಎಲೆ ಮೇಜಿನ ಮೇಲೆ ತೆರೆದಿಟ್ಟು, "ಮುಗೀತ್ರಿ," ಅಂದರು.

ಇದು ನಮ್ಮ ಬೈಲಹೊಂಗಲದ ಕ್ಲಬ್ಬಿನ ಪದ್ಧತಿ. ಉಳಿದದ್ದೆಲ್ಲ ನಮ್ಮದೇ ಎಂದು ಖಾತ್ರಿಯಾದರೆ ಎಲೆ ಇಟ್ಟು ಮುಗೀತ್ರಿ ಎನ್ನುವುದು, ಎದುರಿನವರು ಹೂಂ ಅಂದು ಎಲೆ ಕೂಡಿಸುವುದು. ಹೇಗೆ ಆಡುತ್ತೀರಿ ಎಂದು ಕೇಳುವುದಿಲ್ಲ, ಕೇಳಿದರೆ ಅನುಮಾನಪಟ್ಟ ಹಾಗೆ, ಅವಮಾನ. ಆದರೆ ಟೂರ್ನಮೆಂಟಿನಲ್ಲಿ ಹಾಗಲ್ಲ. ಎಲೆ ಇಡುವಾಗ ಹೇಗೆ ಆಡುತ್ತೇನೆ, ಹೊರಗೆ ಹುಕುಂ ಇದ್ದರೆ ಅದನ್ನು ಹೇಗೆ ಎಳೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಬೆಳಗ್ಗೆ ನಿರ್ಣಾಯಕರು ಇದನ್ನು ಮೈಕಿನಲ್ಲಿ ಹೇಳಿದ್ದರು. ಕಾರಿನಲ್ಲಿ ಬರುವಾಗ ನಾನೂ ಹೇಳಿದ್ದೆ.

ವ್ಯಾಪಾರಿ ಎಲೆ ಕೂಡಿಸಲಿಲ್ಲ. ತಮ್ಮ ಕೈಯಲ್ಲಿದ್ದ ಹುಕುಂ ಗುಲಾಮನನ್ನು ನೋಡಿದರು, ಜೊತೆಗಾರರನ್ನು ನೋಡಿದರು, ಕೈ ಎತ್ತಿ ನಿರ್ಣಾಯಕರನ್ನು ಕರೆದರು. ಅವರದೇನೂ ತಪ್ಪಿಲ್ಲ. ಆದರೂ ಆ ಕ್ಷಣ ಅವರ ಕೈ ಮುರಿದುಬೀಳಲಿ ಅಂದುಕೊಂಡೆ.

ನಿರ್ಣಾಯಕರು ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯರು. ಎಲೆಗಳನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ, ನಡೆದದ್ದನ್ನೆಲ್ಲ ಟ್ರಿಕ್ ಟ್ರಿಕ್ಕಾಗಿ ಕೇಳಿಕೊಂಡರು. ನಾನು ಬಾಯಿ ತೆರೆಯುತ್ತಿದ್ದಂತೆ ಕೈ ಅಡ್ಡ ಹಿಡಿದರು. ಆಮೇಲೆ ಅತ್ತೆಯ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತರು.

"ಅಮ್ಮಾರ, ಎಲಿ ಇಡುವಾಗ ಹೊರಗ ಒಂದ ಹುಕುಂ ಐತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಅತ್ತೆ ಸೆರಗು ಸರಿಮಾಡಿಕೊಂಡರು.

"ಯಾಕ ಕೇಳತೇನಂದ್ರ, ಗೊತ್ತಿತ್ತಂದ್ರ ನೀವು ರಾಣಿಗೆ ಬಂದು ಅದನ್ನ ಎಳಿತಿದ್ರಿ. ಗೊತ್ತಿರಲಿಲ್ಲಂದ್ರ ಈ ಕಿಲಾವರ್ ರಾಣೀನ ಹುಕುಂ ರಾಣಿಯಿಂದ ಹೊಡದು ಡಮ್ಮಿಗೆ ಬರಬಹುದು. ಆವಾಗ ಅವರ ಗುಲಾಮ ಒಂದು ಟ್ರಿಕ್ ತಿಂತೈತಿ. ಆದರ ನೀವು ಎರಡ ಸುತ್ತಿಗೆ ಹುಕುಂ ನಿಲ್ಲಿಸೀರಿ, ರಾಣಿ ಉಳಿಸಿಕೊಂಡೀರಿ. ಅದನ್ನ ತಿಳದ ಮಾಡೀರಿ ಅಂತ ನನಗ ಕಾಣತೈತಿ."

ಇದಕ್ಕಿಂತ ಇನ್ನೇನು ಬೇಕು? ಬಾಗಿಲು ತೆರೆದು ಒಳಗೆ ಬನ್ನಿ ಅಂದ ಹಾಗಿತ್ತು. ಹೌದ್ರಿ ಅನ್ನಿ, ಒಂದು ಮಾತು ಅನ್ನಿ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಅತ್ತೆ ನನ್ನ ಕಡೆ ನೋಡಿದರು. ಆಮೇಲೆ ಮೇಜಿನ ಮೇಲಿನ ಎಲೆಗಳನ್ನು ಒಂದೊಂದಾಗಿ ನೋಡಿದರು. ಮನೆಯಲ್ಲಿ ಚಾಳೀಸು ಹುಡುಕುವಾಗ ಅವರು ಹೀಗೇ ನೋಡುತ್ತಿದ್ದರು.

"ಎರಡ ಸುತ್ತಿಗೆ ನಿಲ್ಲಿಸಿದಾಕಿ ನಾನ. ಆವಾಗ ಗೊತ್ತಿತ್ತರಿ," ಅಂದರು. "ಎಲಿ ಇಡುವಾಗ ಗೊತ್ತಿರಲಿಲ್ಲ. ಮರತಿದ್ದೆ."

ವ್ಯಾಪಾರಿ ಕುರ್ಚಿಯಲ್ಲಿ ಮಿಸುಕಾಡಿದರು.

"ಹೋಗ್ಲಿ ಬಿಡ್ರಿ ಸಾಹೇಬ್ರ. ಅಕ್ಕಾರು ಅಷ್ಟ ಚಲೋ ಆಡ್ಯಾರ. ಆ ಟ್ರಿಕ್ ನಮಗ ಬ್ಯಾಡ."

"ಹಂಗ ಬಿಡಾಕ ಬರಂಗಿಲ್ರಿ. ಉಳಿದ ಮೇಜಿನವ್ರಿಗೆ ನಾ ಏನ್ ಹೇಳ್ಲಿ?"

"ಬ್ಯಾಡ್ರಿ, ನಿಮ್ಮ ಟ್ರಿಕ್ ನೀವ ತಗೋರಿ," ಅಂದರು ಅತ್ತೆ.

ಒಂದು ಟ್ರಿಕ್ ಅವರಿಗೆ ಹೋಯಿತು. ನಮ್ಮದು ಒಂಬತ್ತಾಯಿತು, ಆಟ ಬಿತ್ತು. ಬೋರ್ಡಿನ ಮೇಲೆ ನಾವು ಮೂರನೆಯವರಾದೆವು. ಬಹುಮಾನ ಕೊಡುವಾಗ ಅತ್ತೆ ಎಲ್ಲರಿಗೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ನಾನು ಕಾರು ಓಡಿಸುತ್ತಿದ್ದೆ, ಸಿಟ್ಟಿನಲ್ಲಿ ಪ್ರತಿ ತಗ್ಗಿಗೂ ಇಳಿಸುತ್ತಿದ್ದೆ. ಮುನವಳ್ಳಿ ಹತ್ತಿರವಾಗುವವರೆಗೆ ತಡೆದೆ, ಆಮೇಲೆ ಆಗಲಿಲ್ಲ.

"ಗೊತ್ತಿತ್ತು ಅಂದಿದ್ರ ಏನಾಗತಿತ್ತು ಅತ್ತಿ? ಅವರ ನಿಮ್ಮ ಬಾಯಾಗ ಮಾತ ಇಟ್ಟಿದ್ರು. ಧಾರವಾಡಕ್ಕ ಹೋಗತಿದ್ವಿ."

ಅತ್ತೆ ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತಿದ್ದರು.

"ಅವರು ಕೇಳಿದಾಗ ನಾ ಒಳಗ ಹುಡುಕಿದೆ," ಅಂದರು. "ಇರಲಿಲ್ಲ. ಆ ಗುಲಾಮ ಅನ್ನೂದು ಇತ್ತು ಅನ್ನೂದ ಇರಲಿಲ್ಲ."

"ಆದರೂ..."

"ಕೇಳಿಲ್ಲೆ. ಒಂದ ವರ್ಷಾತು. ಮನ್ಯಾಗ ಎಲ್ಲಾರೂ ನನ್ನ ಬಗ್ಗೆ ಮಾತಾಡತೀರಿ. ನಿನ್ನ ಗಂಡ ನಿನ್ನ ಕೇಳತಾನ, ಅವ್ವ ಹೆಂಗದಾಳ ಅಂತ. ನೀ ಡಾಕ್ಟರನ್ನ ಕೇಳತಿ. ಆ ಗುಳಿಗಿ ರಕ್ತದ್ದಲ್ಲಂತ ನನಗ ಗೊತ್ತೈತಿ. ಒಬ್ರರ ನನ್ನ ಮಾರಿ ನೋಡಿ, ಮರತೀರೇನು ಅಂತ ಕೇಳೀರೇನು? ಅವರೊಬ್ರ ಕೇಳಿದ್ರು. ಕುರ್ಚಿ ಎಳಕೊಂಡು ಬಾಜೂಕ ಕುಂತು ಕೇಳಿದ್ರು. ಅವರಿಗೆ ಸುಳ್ಳ ಹೆಂಗ ಹೇಳ್ಲಿ?"

ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಬಾರಿಸುತ್ತ ದಾಟಿ ಹೋದವು. ಅತ್ತೆ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. ನಾನು ಅವರ ಮುಖ ಒರೆಸಬೇಕಿತ್ತು. ಆಮೇಲೆ, ಲಗೂ ನಡಿ, ಮನ್ಯಾಗ ಕಾಯ್ತಿರ್ತಾನ ಅಂದರು. ಅಣೆಕಟ್ಟಿನ ಕಡೆಗೆ ತಿರುಗುವ ದಾರಿ ಬಂತು, ಹೋಯಿತು. ಅವರು ಅದನ್ನು ಗುರುತಿಸಿದರೋ ಇಲ್ಲವೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಮನೆಯ ಬಾಗಿಲಲ್ಲೇ ನನ್ನ ಗಂಡ ನನ್ನನ್ನು ಪಕ್ಕಕ್ಕೆ ಕರೆದರು.

"ಅವ್ವ ಹೆಂಗ ಆಡಿದ್ಲು?"

"ಅವರು ಇಲ್ಲೇ ನಿಂತಾರಲ್ರಿ. ಅವರನ್ನ ಕೇಳ್ರಿ."

ಅವರು ನನ್ನ ಮೇಲೆ ಕಣ್ಣು ಬಿಟ್ಟರು. ಆಮೇಲೆ ತಾಯಿಯ ಕಡೆ ತಿರುಗಿ, ಏನು ಕೇಳಬೇಕೆಂದು ತಿಳಿಯದೆ ನಿಂತರು. ಕೊನೆಗೆ ಕೇಳಿದರು. ಅತ್ತೆ ಕಟ್ಟೆಯ ಮೇಲೆ ಕೂತು, ಚಪ್ಪಲಿ ಬಿಚ್ಚುತ್ತ ಎಲ್ಲವನ್ನೂ ಹೇಳಿದರು, ಕೊನೆಯ ಎಲೆಯವರೆಗೆ. ಆವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅತ್ತೆ ಆಮೇಲೆ ಎಲೆ ಹಿಡಿಯಲಿಲ್ಲ. ಬೇಡವೆಂದು ಯಾರೂ ಹೇಳಲಿಲ್ಲ, ಅವರೇ ನಿಲ್ಲಿಸಿದರು. ಆದರೆ ನನ್ನನ್ನು ಕ್ಲಬ್ಬಿಗೆ ಹೋಗದೆ ಇರಲು ಬಿಡಲಿಲ್ಲ. ಈಗ ನಾನು ಒಬ್ಬ ವಕೀಲರ ಜೊತೆ ಆಡುತ್ತೇನೆ. ಅತ್ತೆಯೂ ಬರುತ್ತಾರೆ. ಕುರ್ಚಿ ಹಾಕಿಸಿಕೊಂಡು ನನ್ನ ಬೆನ್ನ ಹಿಂದೆ ಕೂರುತ್ತಾರೆ, ನವಿಲುತೀರ್ಥದಲ್ಲಿ ಮಾವನ ಹಿಂದೆ ನಿಲ್ಲುತ್ತಿದ್ದ ಹಾಗೆ. ನೋಡುವವರು ಮಾತಾಡಬಾರದು ಎಂಬುದು ನಿಯಮ. ಅವರ ವಿಷಯದಲ್ಲಿ ಆ ನಿಯಮದ ಮಾತನ್ನು ಯಾರೂ ಎತ್ತಿಲ್ಲ. ನಾನು ಎಲೆ ಇಡಲು ಹೋದಾಗಲೆಲ್ಲ ಹಿಂದಿನಿಂದ ದನಿ ಬರುತ್ತದೆ, ಹುಕುಂ ಎಷ್ಟ ಹೊರಗ ಅದಾವು, ಹೇಳು. ನಾನು ಹೇಳುತ್ತೇನೆ, ಹೇಗೆ ಎಳೆಯುತ್ತೇನೆ ಎಂಬುದನ್ನೂ ಹೇಳುತ್ತೇನೆ, ಆಮೇಲೆ ಎಲೆ ಇಡುತ್ತೇನೆ. ನಮ್ಮ ಕ್ಲಬ್ಬಿನಲ್ಲಿ ಈಗ ಎಲ್ಲರೂ 'ಮುಗೀತ್ರಿ' ಅನ್ನುವ ಮೊದಲು ಹೊರಗಿನ ಹುಕುಂ ಎಣಿಸಿ ಹೇಳುತ್ತಾರೆ.

ಹೋದ ಶುಕ್ರವಾರ ನಾನು ಮೂರು ನೋ ಟ್ರಂಪ್ ಆಡುತ್ತಿದ್ದೆ. ಕೊನೆಗೆ ಮೂರು ಎಲೆ ಉಳಿದವು, ಮೂರೂ ನನ್ನವೇ. ಇಡಲು ಕೈ ಮುಂದೆ ಮಾಡಿದೆ.

"ಹುಕುಂ ಎಷ್ಟ ಹೊರಗ ಅದಾವು, ಹೇಳು."

ವಕೀಲರು ತಲೆ ಎತ್ತಿದರು. ಎದುರಾಳಿಗಳಿಬ್ಬರೂ ತಮ್ಮ ಎಲೆಗಳನ್ನೇ ನೋಡುತ್ತ ಕೂತರು. ಹುಕುಮ್ಮೇ ಇಲ್ಲದ ಆಟ ಅದು. ಬೆಳಗ್ಗೆಯಿಂದ ಸಂಜೆಯವರೆಗೆ ನನಗೆ ಎಣಿಸಲು ಕಲಿಸಿದ ಆ ದನಿ ಹಿಂದೆ ಉತ್ತರಕ್ಕಾಗಿ ಕಾಯುತ್ತಿತ್ತು.

"ಒಂದೂ ಇಲ್ರಿ ಅತ್ತಿ," ಅಂದೆ.

"ಖರೇನ?"

"ಖರೇನ್ರಿ."

"ಹಂಗಾರ ಇಡು," ಅಂದರು. ನಾನು ಎಲೆ ಇಟ್ಟೆ.